ಸರ್ವರ್ ಬದಲಾಯಿಸಿದ ಮೇಲೆ ಡೇಟಾಬೇಸ್ ಫೈಲ್ ತೆರೆಯುತ್ತಿಲ್ಲವೇ? ಹಂತ ಹಂತವಾಗಿ ಪರಿಶೀಲಿಸುವ ಕ್ರಮ

ವಿಂಡೋಸ್ ಸರ್ವರ್ 2012 ಮತ್ತು 2012 ಆರ್2 ಆವೃತ್ತಿಗಳಿಗೆ ಮೈಕ್ರೋಸಾಫ್ಟ್ ನೀಡುತ್ತಿದ್ದ ವಿಸ್ತೃತ ಬೆಂಬಲ 2023ರ ಅಕ್ಟೋಬರ್ 10ಕ್ಕೆ ಮುಗಿದ ಬಳಿಕ ಸಣ್ಣ ಕಚೇರಿಗಳು 2019 ಅಥವಾ 2022ರ ಆವೃತ್ತಿಗೆ ಬದಲಾಗುತ್ತಿವೆ. ಅದರ ಬೆನ್ನಿಗೇ ಓದುಗರಿಂದ ಒಂದೇ ಬಗೆಯ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಶನಿವಾರ ಸಂಜೆ ಸರ್ವರ್ ಬದಲಾಗಿದೆ. ಸೋಮವಾರ ಬೆಳಿಗ್ಗೆ ಲೆಕ್ಕದ ಪ್ರೋಗ್ರಾಂ ತೆರೆದರೆ ಫೈಲ್ ಸಿಗುತ್ತಿಲ್ಲ ಎನ್ನುತ್ತದೆ, ಇಲ್ಲವೇ ತೆರೆದುಕೊಂಡರೂ ಹೊಸ ನಮೂದು ಉಳಿಯುವುದಿಲ್ಲ, ಇಲ್ಲವೇ ಒಬ್ಬರಿಗೆ ತೆರೆದದ್ದು ಪಕ್ಕದ ಮೇಜಿನವರಿಗೆ ತೆರೆಯುವುದಿಲ್ಲ. ಸರ್ವರ್ ಹಾಕಿಕೊಟ್ಟವರು ಪ್ರೋಗ್ರಾಂ ಬರೆದವರನ್ನು ಕೇಳಿ ಎನ್ನುತ್ತಾರೆ, ಪ್ರೋಗ್ರಾಂ ಬರೆದವರು ಸರ್ವರ್ ಹಾಕಿದವರನ್ನು ಕೇಳಿ ಎನ್ನುತ್ತಾರೆ. ನಡುವೆ ಕಚೇರಿಯ ಕೆಲಸ ನಿಂತುಹೋಗುತ್ತದೆ.

ಈ ಲೇಖನ ಮೈಕ್ರೋಸಾಫ್ಟ್ ಆಕ್ಸೆಸ್ ಮತ್ತು ಫಾಕ್ಸ್‌ಪ್ರೊ ಬಗೆಯ ಡೇಟಾಬೇಸ್‌ಗಳನ್ನು ಶೇರ್ ಫೋಲ್ಡರ್‌ನಲ್ಲಿಟ್ಟು ಬಳಸುವ ಕಚೇರಿಗಳಿಗಾಗಿ ಬರೆದದ್ದು. ಪತ್ತಿನ ಸಹಕಾರ ಸಂಘ, ನರ್ಸಿಂಗ್ ಹೋಮ್, ಮಂಡಿ ವ್ಯಾಪಾರಿಗಳ ಲೆಕ್ಕಪತ್ರ ಮುಂತಾದ ಕಡೆ ಇಂಥ ಪ್ರೋಗ್ರಾಂಗಳು ಇಂದಿಗೂ ದಿನವಿಡೀ ನಡೆಯುತ್ತಿವೆ. ಇವುಗಳ ವಿಶೇಷವೆಂದರೆ, ಸರ್ವರ್‌ನಲ್ಲಿ ಡೇಟಾಬೇಸನ್ನು ನಿರ್ವಹಿಸುವ ಪ್ರತ್ಯೇಕ ತಂತ್ರಾಂಶ ಯಾವುದೂ ಇರುವುದಿಲ್ಲ. ಪ್ರತಿಯೊಂದು ಕಂಪ್ಯೂಟರೂ ನೆಟ್‌ವರ್ಕ್ ಮೂಲಕ ನೇರವಾಗಿ ಆ ಫೈಲನ್ನೇ ತೆರೆದು ಓದುತ್ತದೆ, ಬರೆಯುತ್ತದೆ. ಹಾಗಾಗಿ ಸರ್ವರ್ ಬದಲಾದ ಮೇಲೆ ಬರುವ ದೋಷಗಳಲ್ಲಿ ಹೆಚ್ಚಿನವು ಫೈಲ್ ಕೆಟ್ಟದ್ದರಿಂದ ಬಂದವಲ್ಲ. ಫೈಲನ್ನು ತಲುಪುವ ದಾರಿಯಲ್ಲಿ ಏನೋ ಬದಲಾಗಿರುವುದರಿಂದ ಬಂದವು. ಈ ಒಂದು ವಿಚಾರವನ್ನು ಗಟ್ಟಿಯಾಗಿ ಹಿಡಿದುಕೊಂಡರೆ, ಗಾಬರಿಯಲ್ಲಿ ಒಳ್ಳೆಯ ಫೈಲಿಗೆ ‘ರಿಪೇರಿ’ ಮಾಡಲು ಹೋಗಿ ನಿಜವಾಗಿಯೂ ಕೆಡಿಸಿಕೊಳ್ಳುವ ಅಪಾಯದಿಂದ ಪಾರಾಗಬಹುದು.

ಕೆಲಸ ಆರಂಭಿಸುವ ಮೊದಲು ಸರ್ವರ್‌ನ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್, ಸಾಕಷ್ಟು ಜಾಗವಿರುವ ಒಂದು ಎಕ್ಸ್‌ಟರ್ನಲ್ ಡಿಸ್ಕ್, ಮತ್ತು ದೋಷ ಕಾಣುತ್ತಿರುವ ಕಂಪ್ಯೂಟರಿನ ಜೊತೆಗೆ, ಇದ್ದರೆ, ಸರಿಯಾಗಿ ನಡೆಯುತ್ತಿರುವ ಇನ್ನೊಂದು ಕಂಪ್ಯೂಟರ್ ಕೈಯಲ್ಲಿರಲಿ. ಕೆಳಗೆ ಬರುವ ಆದೇಶಗಳನ್ನು ಉಚ್ಚಾರಣೆಗೆ ತಕ್ಕಂತೆ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನು ಬಳಸಬೇಕು.

1. ಎಲ್ಲರನ್ನೂ ಹೊರಗೆ ಕಳುಹಿಸಿ ಪ್ರತಿ ತೆಗೆದುಕೊಳ್ಳಿ

ಪ್ರೋಗ್ರಾಂ ತೆರೆದಿರುವ ಎಲ್ಲರೂ ಅದನ್ನು ಮುಚ್ಚಲಿ. ನಂತರ ಸರ್ವರ್‌ನಲ್ಲಿ ಡೇಟಾ ಫೋಲ್ಡರ್ ಪೂರ್ತಿಯನ್ನು ಎಕ್ಸ್‌ಟರ್ನಲ್ ಡಿಸ್ಕಿಗೆ ನಕಲು ಮಾಡಿ. ಫಾಕ್ಸ್‌ಪ್ರೊ ಆಗಿದ್ದರೆ ‘.ಡಿಬಿಎಫ್’ ಫೈಲುಗಳಷ್ಟೇ ಸಾಲವು; ಅವುಗಳ ಸೂಚಿಯಾದ ‘.ಸಿಡಿಎಕ್ಸ್’ ಮತ್ತು ದೀರ್ಘ ಟಿಪ್ಪಣಿಗಳನ್ನು ಹೊತ್ತ ‘.ಎಫ್‌ಪಿಟಿ’ ಫೈಲುಗಳೂ ಜೊತೆಗೇ ಬರಬೇಕು. ಈ ಹಂತ ಮುಗಿಯುವ ತನಕ ಆಕ್ಸೆಸ್‌ನ ‘ಕಾಂಪ್ಯಾಕ್ಟ್ ಅಂಡ್ ರಿಪೇರ್’ ಸೌಲಭ್ಯವನ್ನಾಗಲಿ, ಪ್ರೋಗ್ರಾಂನೊಳಗಿನ ‘ರೀಇಂಡೆಕ್ಸ್’ ಗುಂಡಿಯನ್ನಾಗಲಿ ಯಾರೂ ಒತ್ತಬಾರದು.

ಇದೇ ಹೊತ್ತಿನಲ್ಲಿ ಹಳೆಯ ಸರ್ವರ್ ಇನ್ನೂ ನೆಟ್‌ವರ್ಕ್‌ನಲ್ಲಿ ಜೀವಂತವಾಗಿದೆಯೇ ಎಂದು ನೋಡಿ. ಈ ಪರಿಶೀಲನೆಯನ್ನು ಬಹಳ ಮಂದಿ ಮಾಡುವುದಿಲ್ಲ, ಇದರಿಂದಾಗುವ ನಷ್ಟವೇ ಎಲ್ಲಕ್ಕಿಂತ ದೊಡ್ಡದು. ಕೆಲವು ಕಂಪ್ಯೂಟರುಗಳ ಮ್ಯಾಪ್ ಮಾಡಿದ ಡ್ರೈವ್, ಅಂದರೆ ಸರ್ವರ್‌ನ ಫೋಲ್ಡರಿಗೆ ಕೊಟ್ಟಿರುವ ‘ಝಡ್’ ಅಥವಾ ‘ಎಫ್’ ಎಂಬಂಥ ಅಕ್ಷರ, ಇನ್ನೂ ಹಳೆಯ ಸರ್ವರ್‌ನತ್ತಲೇ ಇದ್ದರೆ ಅಲ್ಲಿ ಕುಳಿತವರಿಗೆ ಯಾವ ದೋಷವೂ ಕಾಣಿಸುವುದಿಲ್ಲ. ಅವರು ನಿಶ್ಚಿಂತೆಯಿಂದ ಹಳೆಯ ಫೈಲಿಗೆ ರಸೀದಿಗಳನ್ನು ಬರೆಯುತ್ತಿರುತ್ತಾರೆ, ಉಳಿದವರು ಹೊಸ ಫೈಲಿಗೆ ಬರೆಯುತ್ತಿರುತ್ತಾರೆ. ವಾರದ ನಂತರ ಎರಡು ಫೈಲುಗಳಲ್ಲೂ ಅರ್ಧರ್ಧ ಲೆಕ್ಕವಿರುತ್ತದೆ, ಒಂದೇ ರಸೀದಿ ಸಂಖ್ಯೆ ಎರಡು ಬಾರಿ ಬಳಕೆಯಾಗಿರುತ್ತದೆ. ಪ್ರತಿ ಕಂಪ್ಯೂಟರಿನಲ್ಲೂ ಕಮಾಂಡ್ ಪ್ರಾಂಪ್ಟ್ ತೆರೆದು ‘ನೆಟ್ ಯೂಸ್’ ಎಂದು ಕೊಟ್ಟರೆ ಯಾವ ಅಕ್ಷರ ಯಾವ ಸರ್ವರ್‌ಗೆ ಹೋಗುತ್ತಿದೆ ಎಂಬ ಪಟ್ಟಿ ಬರುತ್ತದೆ. ಹಳೆಯ ಸರ್ವರ್‌ನ ನೆಟ್‌ವರ್ಕ್ ಕೇಬಲನ್ನು ತೆಗೆದಿಡಿ. ಆದರೆ ಡಿಸ್ಕನ್ನು ಅಳಿಸಬೇಡಿ, ಯಂತ್ರವನ್ನು ಮಾರಿಬಿಡಬೇಡಿ.

2. ದೋಷಸಂದೇಶವನ್ನು ಅಕ್ಷರಶಃ ಬರೆದುಕೊಳ್ಳಿ

‘ಓಪನ್ ಆಗ್ತಿಲ್ಲ’ ಎಂಬಷ್ಟೇ ಮಾಹಿತಿಯಿಂದ ಯಾರೂ ಸಹಾಯ ಮಾಡಲಾರರು. ಸಂದೇಶದ ಪಠ್ಯವನ್ನೂ ಸಂಖ್ಯೆಯನ್ನೂ ಫೋನಿನಲ್ಲಿ ಫೋಟೊ ತೆಗೆದುಕೊಳ್ಳಿ. ಆ ಸಂಖ್ಯೆ ಮುಂದಿನ ದಾರಿಯನ್ನು ಬಹುಮಟ್ಟಿಗೆ ತೋರಿಸುತ್ತದೆ.

ಆಕ್ಸೆಸ್‌ನಲ್ಲಿ 3024 ಅಥವಾ 3044, ವಿಂಡೋಸ್‌ನಲ್ಲಿ 53 ಅಥವಾ 80070035 ಎಂದು ಕೊನೆಯಾಗುವ ಸಂಕೇತ ಬಂದರೆ ದಾರಿಯೇ ತಪ್ಪಿದೆ ಎಂದರ್ಥ. ಮೂರನೆಯ ಹಂತಕ್ಕೆ ಹೋಗಿ. ವಿಂಡೋಸ್‌ನ 5, ಆಕ್ಸೆಸ್‌ನ 3051 ಮತ್ತು 3073, ವಿಷುಯಲ್ ಫಾಕ್ಸ್‌ಪ್ರೊದ 1705 ಇವು ಸಾಮಾನ್ಯವಾಗಿ ಅನುಮತಿಯ ತೊಡಕನ್ನು ಹೇಳುತ್ತವೆ. ಐದನೆಯ ಹಂತ ನಿಮಗೆ ಮುಖ್ಯ. ಆಕ್ಸೆಸ್‌ನ 3045, ಅಂದರೆ ಫೈಲ್ ಈಗಾಗಲೇ ಬಳಕೆಯಲ್ಲಿದೆ ಎಂಬ ಸಂದೇಶ, ಲಾಕ್‌ಗೆ ಸಂಬಂಧಿಸಿದ್ದು. ಅದಕ್ಕೆ ಆರನೆಯ ಹಂತ ನೋಡಿ. 3343, ಅಂದರೆ ಗುರುತಿಸಲಾಗದ ಡೇಟಾಬೇಸ್ ವಿನ್ಯಾಸ ಎಂಬ ಸಂದೇಶ ಬಂದರೆ ಮಾತ್ರ ಫೈಲಿನ ಬಗ್ಗೆಯೇ ಅನುಮಾನಪಡಬೇಕು. ಆಗಲೂ ಪ್ರತಿಯನ್ನು ಒಂದು ಕಂಪ್ಯೂಟರಿನ ಸ್ವಂತ ಡಿಸ್ಕಿನಲ್ಲಿಟ್ಟು ತೆರೆದು ನೋಡಿದ ಮೇಲೆ.

ದೋಷ ಎಲ್ಲರಿಗೂ ಬರುತ್ತಿದೆಯೇ, ಒಂದೇ ಕಂಪ್ಯೂಟರಿನಲ್ಲೇ, ಅಥವಾ ಒಬ್ಬ ವ್ಯಕ್ತಿ ಯಾವ ಕಂಪ್ಯೂಟರಿನಲ್ಲಿ ಲಾಗಿನ್ ಆದರೂ ಅವರಿಗೇ ಬರುತ್ತಿದೆಯೇ ಎಂಬುದನ್ನೂ ಗುರುತು ಹಾಕಿಕೊಳ್ಳಿ. ಎಲ್ಲರಿಗೂ ಆದರೆ ಮೊದಲು ಸರ್ವರ್ ನೋಡಬೇಕು. ಒಂದು ಯಂತ್ರಕ್ಕಾದರೆ ಆ ಯಂತ್ರ. ಒಬ್ಬ ವ್ಯಕ್ತಿಗಾದರೆ ಅವರ ಖಾತೆ.

3. ದಾರಿ ಸರಿಯಿದೆಯೇ ನೋಡಿ

ಫೈಲ್ ಎಕ್ಸ್‌ಪ್ಲೋರರ್‌ನ ವಿಳಾಸಪಟ್ಟಿಯಲ್ಲಿ ಎರಡು ಹಿಂಗೆರೆ (\\) ಹಾಕಿ ಹೊಸ ಸರ್ವರ್‌ನ ಹೆಸರನ್ನು ಕೊಟ್ಟು ನೋಡಿ. ನಂತರ ಹೆಸರಿನ ಬದಲು ಅದರ ಐಪಿ ಸಂಖ್ಯೆಯನ್ನು ಕೊಟ್ಟು ನೋಡಿ. ಸಂಖ್ಯೆಗೆ ತೆರೆದು ಹೆಸರಿಗೆ ತೆರೆಯದಿದ್ದರೆ, ಹೆಸರನ್ನು ಸಂಖ್ಯೆಗೆ ಜೋಡಿಸುವ ಡಿಎನ್‌ಎಸ್ ವ್ಯವಸ್ಥೆಯಲ್ಲಿ ಹಳೆಯ ನಮೂದು ಉಳಿದಿದೆ. ಎರಡಕ್ಕೂ ತೆರೆಯದಿದ್ದರೆ ವಿಂಡೋಸ್‌ನಲ್ಲೇ ಇರುವ, ಆದೇಶಗಳನ್ನು ಟೈಪ್ ಮಾಡುವ ಪವರ್‌ಶೆಲ್‌ನಲ್ಲಿ ‘ಟೆಸ್ಟ್-ನೆಟ್‌ಕನೆಕ್ಷನ್’ ಆದೇಶವನ್ನು ಸರ್ವರ್‌ನ ಹೆಸರು ಮತ್ತು 445 ಎಂಬ ಪೋರ್ಟ್ ಸಂಖ್ಯೆಯೊಂದಿಗೆ ನಡೆಸಿ. ವಿಂಡೋಸ್‌ನ ಫೈಲ್ ಹಂಚಿಕೆಯೆಲ್ಲ ಈ 445ರ ಮೂಲಕವೇ ಸಾಗುತ್ತದೆ. ಅದು ಮುಚ್ಚಿದ್ದರೆ, ಹೊಸ ಸರ್ವರ್ ನಿಮ್ಮ ಕಚೇರಿಯ ನೆಟ್‌ವರ್ಕನ್ನು ‘ಪಬ್ಲಿಕ್’ ಎಂದು ಭಾವಿಸಿಕೊಂಡು ಫೈರ್‌ವಾಲ್ ಹಾಕಿಕೊಂಡಿದೆಯೇ ಎಂದು ಮೊದಲು ನೋಡಿ. ಇದು ಆಗಾಗ ಕಾಣುವ ಕಾರಣ. ನೆಟ್‌ವರ್ಕನ್ನು ‘ಪ್ರೈವೇಟ್’ ಎಂದು ಬದಲಾಯಿಸಿ, ಫೈಲ್ ಹಂಚಿಕೆಯ ನಿಯಮಕ್ಕೆ ಮಾತ್ರ ಅವಕಾಶ ಕೊಡಿ. ಫೈರ್‌ವಾಲನ್ನೇ ಆರಿಸಿಬಿಡುವುದು ಬೇಡ.

‘ನೆಟ್‌ವರ್ಕ್’ ಐಕಾನ್ ಒತ್ತಿದಾಗ ಸರ್ವರ್ ಅಲ್ಲಿ ಕಾಣುತ್ತಿಲ್ಲ ಎಂಬ ಕಾರಣಕ್ಕೆ ಸಂಪರ್ಕವೇ ಇಲ್ಲವೆಂದು ತೀರ್ಮಾನಿಸಬೇಡಿ. ಆ ಪಟ್ಟಿಯನ್ನು ಹಿಂದೆ ಒದಗಿಸುತ್ತಿದ್ದ ‘ಕಂಪ್ಯೂಟರ್ ಬ್ರೌಸರ್’ ಸೇವೆ ಹಳೆಯ ಹಂಚಿಕೆ ವಿಧಾನವನ್ನು ಅವಲಂಬಿಸಿತ್ತು, ಹೊಸ ಆವೃತ್ತಿಗಳಲ್ಲಿ ಅದಿಲ್ಲ. ಪಟ್ಟಿಯಲ್ಲಿ ಕಾಣದ ಸರ್ವರ್ ಕೂಡ ಹೆಸರು ಟೈಪ್ ಮಾಡಿದರೆ ತೆರೆಯುತ್ತದೆ.

ಸರ್ವರ್‌ನ ಹೆಸರು ಬದಲಾಗಿದ್ದರೆ ಆಕ್ಸೆಸ್ ಬಳಸುವವರು ಇನ್ನೊಂದನ್ನು ಗಮನಿಸಬೇಕು. ಪರದೆಗಳಿರುವ ಫೈಲ್ ಬೇರೆ, ಕೋಷ್ಟಕಗಳಿರುವ ಫೈಲ್ ಬೇರೆ ಆಗಿದ್ದಲ್ಲಿ, ಮೊದಲನೆಯದು ಎರಡನೆಯದರ ಪೂರ್ಣ ವಿಳಾಸವನ್ನು ತನ್ನೊಳಗೇ ಬರೆದಿಟ್ಟುಕೊಂಡಿರುತ್ತದೆ. ‘ಲಿಂಕ್ಡ್ ಟೇಬಲ್ ಮ್ಯಾನೇಜರ್’ ತೆರೆದು ಅಲ್ಲಿ ಹೊಸ ವಿಳಾಸವನ್ನು ಕೊಡಬೇಕು, ಮತ್ತು ಬದಲಾಯಿಸಿದ ಆ ಫೈಲನ್ನು ಪ್ರತಿ ಕಂಪ್ಯೂಟರಿಗೂ ಹಂಚಬೇಕು.

4. ಹಂಚಿಕೆಯ ಭಾಷೆ: ಎಸ್‌ಎಂಬಿ

ಕಂಪ್ಯೂಟರುಗಳು ಫೈಲ್ ಹಂಚಿಕೊಳ್ಳುವಾಗ ಬಳಸುವ ನಿಯಮಾವಳಿಗೆ ಎಸ್‌ಎಂಬಿ ಎಂದು ಹೆಸರು. ವಿಂಡೋಸ್ ಎಕ್ಸ್‌ಪಿ ಮತ್ತು ಸರ್ವರ್ 2003ಕ್ಕೆ ಗೊತ್ತಿರುವುದು ಅದರ ಮೊದಲ ಆವೃತ್ತಿ ಮಾತ್ರ. ವಿಂಡೋಸ್ 7 ಎರಡನೆಯದನ್ನೂ, ವಿಂಡೋಸ್ 10 ಮತ್ತು ಸರ್ವರ್ 2016ರಿಂದ ಈಚಿನವು 3.1.1ನ್ನೂ ಬಲ್ಲವು. ಸರ್ವರ್ 2019ರಲ್ಲಿ ಮೊದಲ ಆವೃತ್ತಿ ತಾನಾಗಿ ಇನ್‌ಸ್ಟಾಲ್ ಆಗಿರುವುದಿಲ್ಲ. ಆದ್ದರಿಂದ ಮೂಲೆಯ ಬಿಲ್ಲಿಂಗ್ ಕೌಂಟರಿನಲ್ಲಿ ಉಳಿದಿದ್ದ ಒಂದು ಎಕ್ಸ್‌ಪಿ ಯಂತ್ರವೋ, ಸ್ಕ್ಯಾನ್ ಮಾಡಿದ್ದನ್ನು ಫೋಲ್ಡರಿಗೆ ಹಾಕುತ್ತಿದ್ದ ಹಳೆಯ ಜೆರಾಕ್ಸ್ ಯಂತ್ರವೋ ಹೊಸ ಸರ್ವರ್ ಬಂದ ದಿನವೇ ಸಂಪರ್ಕ ಕಳೆದುಕೊಳ್ಳುತ್ತದೆ. ಯಾವ ಆವೃತ್ತಿಯಲ್ಲಿ ಮಾತುಕತೆ ನಡೆಯುತ್ತಿದೆ ಎಂದು ತಿಳಿಯಲು ವಿಂಡೋಸ್ 10 ಅಥವಾ 11ರಲ್ಲಿ, ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಪವರ್‌ಶೆಲ್‌ನಲ್ಲಿ ‘ಗೆಟ್-ಎಸ್‌ಎಂಬಿಕನೆಕ್ಷನ್’ ಎಂದು ಕೊಡಿ. ‘ಡಯಲೆಕ್ಟ್’ ಎಂಬ ಅಂಕಣದಲ್ಲಿ ಉತ್ತರವಿರುತ್ತದೆ.

ಅಂತರ್ಜಾಲದಲ್ಲಿ ಹುಡುಕಿದರೆ ‘ಎಸ್‌ಎಂಬಿ 1 ಆನ್ ಮಾಡಿ’ ಎಂಬ ಸಲಹೆ ಮೊದಲು ಸಿಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಆಸ್ಪತ್ರೆಗಳನ್ನೂ ಕಚೇರಿಗಳನ್ನೂ ನಿಲ್ಲಿಸಿದ ವನ್ನಾಕ್ರೈ ದಾಳಿ ಹರಡಿದ್ದು ಇದೇ ಮೊದಲ ಆವೃತ್ತಿಯಲ್ಲಿದ್ದ ಲೋಪದ ಮೂಲಕ. ಒಂದು ಹಳೆಯ ಯಂತ್ರದ ಅನುಕೂಲಕ್ಕೆ ಇಡೀ ಕಚೇರಿಯ ದಾಖಲೆಗಳನ್ನು ಅಪಾಯಕ್ಕೊಡ್ಡುವುದು ನ್ಯಾಯವಲ್ಲ. ಆ ಯಂತ್ರವನ್ನು ಬದಲಾಯಿಸಿ. ಅಲ್ಲಿಯವರೆಗೆ ಅಲ್ಲಿನ ಕೆಲಸವನ್ನು ಬೇರೆ ಕಂಪ್ಯೂಟರಿಗೆ ವರ್ಗಾಯಿಸಿ.

ವಿರುದ್ಧ ದಿಕ್ಕಿನ ತೊಂದರೆಯೂ ಉಂಟು. ವಿಂಡೋಸ್ 11 ಪ್ರೊದ 24ಎಚ್2 ಆವೃತ್ತಿ, ಪಾಸ್‌ವರ್ಡ್ ಇಲ್ಲದ ‘ಗೆಸ್ಟ್’ ಪ್ರವೇಶವನ್ನು ಒಪ್ಪುವುದಿಲ್ಲ, ಮತ್ತು ಎದುರಿನ ಯಂತ್ರ ಪ್ರತಿ ಸಂದೇಶಕ್ಕೂ ಡಿಜಿಟಲ್ ಸಹಿ ಹಾಕಬೇಕೆಂದು ಕೇಳುತ್ತದೆ. ಡೇಟಾ ಇರುವುದು ಹಳೆಯ ನೆಟ್‌ವರ್ಕ್ ಡಿಸ್ಕಿನಲ್ಲಾದರೆ ಹೊಸ ಲ್ಯಾಪ್‌ಟಾಪ್‌ಗಳಿಗೆ ಮಾತ್ರ ಅದು ತೆರೆಯದಿರುವುದಕ್ಕೆ ಇದೇ ಕಾರಣವಾಗಿರಬಹುದು. ಅಲ್ಲಿ ಪ್ರತಿಯೊಬ್ಬರಿಗೂ ಹೆಸರು ಮತ್ತು ಪಾಸ್‌ವರ್ಡ್ ಇರುವ ಖಾತೆ ತೆರೆದು, ಡಿಸ್ಕಿನ ಫರ್ಮ್‌ವೇರನ್ನು ಹೊಸದಾಗಿಸುವುದು ಸರಿಯಾದ ಪರಿಹಾರ.

5. ಅನುಮತಿಗಳು

ಹೆಚ್ಚಿನ ದೂರುಗಳ ಮೂಲ ಇಲ್ಲಿರುವುದರಿಂದ ಸ್ವಲ್ಪ ನಿಧಾನವಾಗಿ ನೋಡೋಣ. ವಿಂಡೋಸ್‌ನಲ್ಲಿ ಹಂಚಿಕೊಂಡ ಫೋಲ್ಡರಿಗೆ ಹೊರಬಾಗಿಲು, ಒಳಬಾಗಿಲು ಎಂದು ಎರಡು ಬಾಗಿಲುಗಳಿವೆ. ಹೊರಬಾಗಿಲು ಶೇರ್ ಅನುಮತಿ. ಫೋಲ್ಡರಿನ ‘ಪ್ರಾಪರ್ಟೀಸ್’ನಲ್ಲಿ ‘ಶೇರಿಂಗ್’ ಭಾಗದಲ್ಲಿ ಸಿಗುತ್ತದೆ. ಒಳಬಾಗಿಲು ಎನ್‌ಟಿಎಫ್‌ಎಸ್ ಅನುಮತಿ, ‘ಸೆಕ್ಯುರಿಟಿ’ ಭಾಗದಲ್ಲಿರುತ್ತದೆ. ನೆಟ್‌ವರ್ಕ್ ಮೂಲಕ ಬಂದವರಿಗೆ ಎರಡೂ ಕಡೆ ಅನುಮತಿ ಬೇಕು, ಮತ್ತು ಎರಡರಲ್ಲಿ ಬಿಗಿಯಾದದ್ದೇ ನಡೆಯುತ್ತದೆ. ಹೊಸದಾಗಿ ‘ಅಡ್ವಾನ್ಸ್ಡ್ ಶೇರಿಂಗ್’ ಮೂಲಕ ಫೋಲ್ಡರನ್ನು ಹಂಚಿದಾಗ ಹೊರಬಾಗಿಲಿನಲ್ಲಿ ವಿಂಡೋಸ್ ತಾನಾಗಿ ಕೊಡುವುದು ‘ಎವೆರಿವನ್: ರೀಡ್’, ಅಂದರೆ ಎಲ್ಲರೂ ಓದಬಹುದು, ಯಾರೂ ಬರೆಯುವಂತಿಲ್ಲ. ಒಳಗೆ ಎಷ್ಟೇ ಅಧಿಕಾರ ಕೊಟ್ಟರೂ ಪ್ರಯೋಜನವಾಗದಿರುವುದು ಇದರಿಂದಲೇ. ವರದಿಗಳು ಸರಿಯಾಗಿ ಬರುತ್ತವೆ, ಹೊಸ ನಮೂದು ಮಾತ್ರ ಉಳಿಯುವುದಿಲ್ಲ ಎಂಬ ಲಕ್ಷಣ ಕಂಡರೆ ಮೊದಲು ಇದನ್ನೇ ನೋಡಿ.

ಮಾಡಬೇಕಾದದ್ದು ಇಷ್ಟು: ಡೇಟಾಬೇಸ್ ಬಳಸುವ ಸಿಬ್ಬಂದಿಯದೇ ಒಂದು ಗುಂಪನ್ನು ರಚಿಸಿ, ಹೊರಬಾಗಿಲಿನಲ್ಲಿ ಆ ಗುಂಪಿಗೆ ‘ಚೇಂಜ್’ ಅನುಮತಿಯನ್ನೂ ಒಳಬಾಗಿಲಿನಲ್ಲಿ ‘ಮಾಡಿಫೈ’ ಅನುಮತಿಯನ್ನೂ ಕೊಡಿ. ‘ಫುಲ್ ಕಂಟ್ರೋಲ್’ ಬೇಕಾಗಿಲ್ಲ. ಅನುಮತಿಯನ್ನು ಫೈಲಿಗಲ್ಲ, ಫೋಲ್ಡರಿಗೆ ಕೊಡಬೇಕು ಎಂಬುದು ಬಹಳ ಮುಖ್ಯ. ಆಕ್ಸೆಸ್‌ನ ‘.ಎಂಡಿಬಿ’ ಫೈಲನ್ನು ಮೊದಲನೆಯವರು ತೆರೆದ ಕೂಡಲೇ ಅದರ ಪಕ್ಕದಲ್ಲೇ ಅದೇ ಹೆಸರಿನ ‘.ಎಲ್‌ಡಿಬಿ’ ಎಂಬ ಪುಟ್ಟ ಲಾಕ್ ಫೈಲ್ ಹುಟ್ಟುತ್ತದೆ, ‘.ಎಸಿಸಿಡಿಬಿ’ ಆದರೆ ‘.ಎಲ್‌ಎಸಿಸಿಡಿಬಿ’. ಯಾರು ಯಾರು ತೆರೆದಿದ್ದಾರೆ ಎಂಬುದನ್ನು ಅದರಲ್ಲಿ ಬರೆದುಕೊಂಡು, ಕೊನೆಯವರು ಹೊರಬಂದಾಗ ಅಳಿಸಲಾಗುತ್ತದೆ. ಹಾಗಾಗಿ ಬಳಸುವ ಪ್ರತಿಯೊಬ್ಬರಿಗೂ ಆ ಫೋಲ್ಡರಿನಲ್ಲಿ ಹೊಸ ಫೈಲ್ ಸೃಷ್ಟಿಸುವ, ಬರೆಯುವ, ಅಳಿಸುವ ಅಧಿಕಾರ ಇರಲೇಬೇಕು. ಇಲ್ಲದಿದ್ದರೆ ಡೇಟಾಬೇಸ್ ಓದಲು ಮಾತ್ರ ತೆರೆದುಕೊಳ್ಳಬಹುದು, ಅಥವಾ ಒಬ್ಬರು ಒಳಹೋದ ಮೇಲೆ ಉಳಿದವರಿಗೆ ಪ್ರವೇಶ ಸಿಗದೇ ಹೋಗಬಹುದು. ಫೋಲ್ಡರನ್ನು ತೆರೆದಿಟ್ಟು, ಇನ್ನೊಬ್ಬರಿಗೆ ಪ್ರೋಗ್ರಾಂ ತೆರೆಯಲು ಹೇಳಿ, ಆ ಲಾಕ್ ಫೈಲ್ ಹುಟ್ಟುತ್ತದೆಯೋ ಇಲ್ಲವೋ ಎಂದು ಕಣ್ಣಾರೆ ನೋಡುವುದಕ್ಕಿಂತ ಸರಳವಾದ ಪರೀಕ್ಷೆ ಬೇರೆ ಇಲ್ಲ.

‘ಸೆಕ್ಯುರಿಟಿ’ ಭಾಗದಲ್ಲಿ ಹೆಸರುಗಳ ಬದಲು ‘ಎಸ್-1-5-21’ ಎಂದು ಆರಂಭವಾಗುವ ಉದ್ದನೆಯ ಸಂಖ್ಯೆಗಳು ಕಂಡರೆ, ಅವು ಹಳೆಯ ಸರ್ವರ್‌ನಲ್ಲಿದ್ದ ಸ್ಥಳೀಯ ಖಾತೆಗಳ ಗುರುತುಗಳು. ಹೊಸ ಸರ್ವರ್‌ನಲ್ಲಿ ಅದೇ ಹೆಸರಿನ ಖಾತೆ ತೆರೆದರೂ ಒಳಗಿನ ಗುರುತುಸಂಖ್ಯೆ ಬೇರೆಯಾಗಿರುತ್ತದೆ. ಹೊಸ ಖಾತೆಗೆ ಹೊಸದಾಗಿಯೇ ಅನುಮತಿ ಕೊಡಬೇಕು.

ಇನ್ನೆರಡು ಎಡವುವ ಜಾಗಗಳಿವೆ. ಒಬ್ಬರನ್ನು ಗುಂಪಿಗೆ ಸೇರಿಸಿದ ಮೇಲೆ ಅವರು ಲಾಗ್ ಆಫ್ ಆಗಿ ಮತ್ತೆ ಲಾಗಿನ್ ಆಗುವವರೆಗೆ ಆ ಅನುಮತಿ ಜಾರಿಗೆ ಬರುವುದಿಲ್ಲ. ಕಾಯದೆ ಇನ್ನಷ್ಟು ಅನುಮತಿಗಳನ್ನು ಸುರಿಯುತ್ತ ಹೋದರೆ ಕೊನೆಗೆ ಯಾವುದರಿಂದ ಸರಿಹೋಯಿತೆಂದೇ ತಿಳಿಯುವುದಿಲ್ಲ. ಎರಡನೆಯದು, ಕಂಪ್ಯೂಟರಿನ ‘ಕ್ರೆಡೆನ್ಷಿಯಲ್ ಮ್ಯಾನೇಜರ್’ನಲ್ಲಿ ಹಳೆಯ ಪಾಸ್‌ವರ್ಡ್ ಉಳಿದುಕೊಂಡಿರುವುದು. ಒಂದೇ ಸರ್ವರ್‌ಗೆ ಎರಡು ಹೆಸರುಗಳಿಂದ ಹೋಗಲು ಯತ್ನಿಸಿದರೆ 1219 ಎಂಬ ದೋಷ ಬರುತ್ತದೆ. ಹಳೆಯ ನಮೂದನ್ನು ಅಳಿಸಿ, ‘ನೆಟ್ ಯೂಸ್’ ಪಟ್ಟಿಯಲ್ಲಿರುವ ಹಳೆಯ ಸಂಪರ್ಕಗಳನ್ನು ಕಡಿದು, ಮತ್ತೆ ಲಾಗಿನ್ ಆಗಿ.

6. ಲಾಕ್ ಮತ್ತು ಕ್ಯಾಷ್

ಅನುಮತಿಗಳು ಸರಿಯಿದ್ದೂ ‘ಬಳಕೆಯಲ್ಲಿದೆ’ ಎಂಬ ಸಂದೇಶ ಬರುತ್ತಿದ್ದರೆ ಸರ್ವರ್‌ನಲ್ಲಿ ‘ಕಂಪ್ಯೂಟರ್ ಮ್ಯಾನೇಜ್‌ಮೆಂಟ್’ ತೆರೆದು ‘ಶೇರ್ಡ್ ಫೋಲ್ಡರ್ಸ್’ ಒಳಗಿನ ‘ಓಪನ್ ಫೈಲ್ಸ್’ ನೋಡಿ. ಯಾವ ಫೈಲನ್ನು ಯಾರು ಹಿಡಿದಿದ್ದಾರೆ ಎಂಬುದು ಅಲ್ಲಿ ಕಾಣುತ್ತದೆ. ಆ ಪಟ್ಟಿಯಲ್ಲಿ ಯಾರೂ ಇಲ್ಲದೆ ಲಾಕ್ ಫೈಲ್ ಮಾತ್ರ ಉಳಿದಿದ್ದರೆ ಅದನ್ನು ಅಳಿಸಬಹುದು. ಪಟ್ಟಿಯಲ್ಲಿ ಹೆಸರಿದ್ದಾಗ ಆ ಸಂಪರ್ಕವನ್ನು ಬಲವಂತವಾಗಿ ಮುಚ್ಚಬೇಡಿ. ಅವರು ಬರೆಯುತ್ತಿರುವ ನಡುವೆ ಮುಚ್ಚಿದರೆ ಫೈಲ್ ನಿಜವಾಗಿಯೂ ಕೆಡುತ್ತದೆ. ಆ ವ್ಯಕ್ತಿಯ ಮೇಜಿಗೆ ಹೋಗಿ ಪ್ರೋಗ್ರಾಂ ಮುಚ್ಚಿಸಿ.

ಎರಡು ಮೂರು ದಿನ ಸರಿಯಾಗಿ ನಡೆದು ಆಮೇಲೆ ಡೇಟಾಬೇಸ್ ‘ಅಸಂಗತ ಸ್ಥಿತಿಯಲ್ಲಿದೆ’ ಎಂಬ ಅರ್ಥದ ಸಂದೇಶ, ಅಥವಾ ಫಾಕ್ಸ್‌ಪ್ರೊದಲ್ಲಿ ಸೂಚಿ ಕೆಟ್ಟಿದೆ ಎಂಬ ಸಂದೇಶ ಪದೇ ಪದೇ ಬರುತ್ತಿದ್ದರೆ ಕಾರಣ ಬೇರೆ. ವೇಗಕ್ಕಾಗಿ ಹೊಸ ವಿಂಡೋಸ್, ಫೈಲಿನ ಭಾಗಗಳನ್ನು ಪ್ರತಿ ಕಂಪ್ಯೂಟರಿನ ನೆನಪಿನಲ್ಲಿ ತಾತ್ಕಾಲಿಕವಾಗಿ ಇಟ್ಟುಕೊಳ್ಳಲು ಬಿಡುತ್ತದೆ. ಹೀಗೆ ಇಟ್ಟುಕೊಂಡದ್ದೇ ‘ಕ್ಯಾಷ್’, ಇಟ್ಟುಕೊಳ್ಳಲು ಬಿಡುವುದಕ್ಕೆ ‘ಲೀಸಿಂಗ್’ ಎನ್ನುತ್ತಾರೆ. ಪತ್ರ, ಚಿತ್ರಗಳಂಥ ಫೈಲುಗಳಿಗೆ ಇದು ಒಳ್ಳೆಯದು. ಆದರೆ ಹಲವರು ಏಕಕಾಲದಲ್ಲಿ ಬರೆಯುವ ಡೇಟಾಬೇಸ್ ಫೈಲಿಗೆ ಇದರಿಂದ ತೊಂದರೆಯಾದದ್ದುಂಟು. ಆಕ್ಸೆಸ್ ಬಳಕೆದಾರರಿಗೆ 2018ರಲ್ಲಿ ಹೀಗೆಯೇ ಆದಾಗ ಲೀಸಿಂಗನ್ನು ನಿಲ್ಲಿಸುವುದು ಮೈಕ್ರೋಸಾಫ್ಟ್ ಸೂಚಿಸಿದ ಪರಿಹಾರವಾಗಿತ್ತು. ಸರ್ವರ್ 2019 ಮತ್ತು ನಂತರದವುಗಳಲ್ಲಿ ‘ಸೆಟ್-ಎಸ್‌ಎಂಬಿಶೇರ್’ ಆದೇಶಕ್ಕೆ ಶೇರ್‌ನ ಹೆಸರನ್ನು ಕೊಟ್ಟು ‘ಲೀಸಿಂಗ್‌ಮೋಡ್’ ಅನ್ನು ‘ನನ್’ (None) ಎಂದಿಟ್ಟರೆ ಆ ಒಂದು ಶೇರ್‌ಗೆ ಮಾತ್ರ ಅದು ನಿಲ್ಲುತ್ತದೆ. ಇದರಿಂದ ಆ ಶೇರ್ ಸ್ವಲ್ಪ ನಿಧಾನವಾಗುವುದರಿಂದ, ಡೇಟಾಬೇಸನ್ನು ಉಳಿದ ಕಡತಗಳಿಂದ ಬೇರ್ಪಡಿಸಿ ಅದಕ್ಕೇ ಪ್ರತ್ಯೇಕ ಶೇರ್ ಮಾಡಿಕೊಳ್ಳುವುದು ಮೇಲು. ಲಿನಕ್ಸ್ ಆಧಾರಿತ ನೆಟ್‌ವರ್ಕ್ ಡಿಸ್ಕುಗಳಲ್ಲಿ ಇದೇ ಬಗೆಯ ಸೌಲಭ್ಯಕ್ಕೆ ‘ಆಪ್‌ಲಾಕ್ಸ್’ ಎಂಬ ಹೆಸರಿರುತ್ತದೆ.

ವೈ-ಫೈ ಮೂಲಕ ಇಂಥ ಡೇಟಾಬೇಸ್ ತೆರೆಯುವುದನ್ನು ನಿಲ್ಲಿಸಿ. ಸಂಪರ್ಕ ಒಂದು ಕ್ಷಣ ತಪ್ಪಿದರೂ ಅರ್ಧ ಬರೆದ ದಾಖಲೆ ಉಳಿಯುತ್ತದೆ. ಬಳಸುವ ಪ್ರತಿ ಕಂಪ್ಯೂಟರಿಗೂ ಕೇಬಲ್ ಇರಲಿ, ಸರ್ವರ್‌ಗಷ್ಟೇ ಅಲ್ಲದೆ ನೆಟ್‌ವರ್ಕ್ ಸ್ವಿಚ್‌ಗೂ ಯುಪಿಎಸ್ ಇರಲಿ.

7. ಹಳೆಯ ಪ್ರೋಗ್ರಾಂನ ಸ್ವಂತ ತೊಡಕುಗಳು

ಹಳೆಯ ಪ್ರೋಗ್ರಾಂಗಳು ದೊಡ್ಡ ಹೆಸರಿನ ಫೋಲ್ಡರನ್ನು ಎಂಟು ಅಕ್ಷರಕ್ಕೆ ಮೊಟಕುಗೊಳಿಸಿ, ನಡುವೆ ಅಲೆಗೆರೆ (~) ಹಾಕಿದ ಗಿಡ್ಡ ಹೆಸರಿನಿಂದ ಕರೆಯುತ್ತವೆ. ಈಚಿನ ಸರ್ವರ್‌ಗಳಲ್ಲಿ ಹೊಸದಾಗಿ ಫಾರ್ಮ್ಯಾಟ್ ಮಾಡಿದ ಡೇಟಾ ಡ್ರೈವ್‌ನಲ್ಲಿ ಆ ಗಿಡ್ಡ ಹೆಸರುಗಳು ಸಾಮಾನ್ಯವಾಗಿ ಸೃಷ್ಟಿಯಾಗುವುದಿಲ್ಲ. ಫೋಲ್ಡರ್ ಎದುರಿಗೇ ಇದ್ದರೂ ಪ್ರೋಗ್ರಾಂ ‘ಸಿಗುತ್ತಿಲ್ಲ’ ಎನ್ನುವುದು ಇದರಿಂದ. ಫೋಲ್ಡರಿಗೆ ಎಂಟು ಅಕ್ಷರ ಮೀರದ, ಖಾಲಿ ಜಾಗವಿಲ್ಲದ ಇಂಗ್ಲಿಷ್ ಹೆಸರು ಕೊಟ್ಟು, ಪ್ರೋಗ್ರಾಂನ ಸೆಟ್ಟಿಂಗ್‌ನಲ್ಲಿ ಅದನ್ನೇ ನಮೂದಿಸಿ.

ಕನ್ನಡದಲ್ಲಿ ಕೆಲಸ ಮಾಡುವ ಕಚೇರಿಗಳಿಗೆ ಒಂದು ವಿಶೇಷ ಸೂಚನೆ. ಸರ್ವರ್ ಬದಲಾಯಿಸುವಾಗ ಅಚ್ಚುಕಟ್ಟಾಗಿರಲೆಂದು ಫೋಲ್ಡರುಗಳಿಗೆ ‘ಲೆಕ್ಕಪತ್ರ’, ‘ಸದಸ್ಯರು’ ಎಂದು ಕನ್ನಡದಲ್ಲೇ ಹೆಸರಿಡುವುದುಂಟು. ಯೂನಿಕೋಡ್ ತಿಳಿಯದ ಹಳೆಯ ಪ್ರೋಗ್ರಾಂಗಳು ವಿಂಡೋಸ್‌ನ ಹಳೆಯ ಅಕ್ಷರಪಟ್ಟಿಗಳನ್ನು ಅವಲಂಬಿಸಿವೆ, ಆ ಪಟ್ಟಿಗಳಲ್ಲಿ ಕನ್ನಡಕ್ಕೆ ಸ್ಥಾನವೇ ಇಲ್ಲ. ಅವುಗಳಿಗೆ ಆ ಹೆಸರು ಬರೀ ಪ್ರಶ್ನೆಚಿಹ್ನೆಗಳ ಸಾಲಾಗಿ ಕಾಣುತ್ತದೆ, ಫೈಲ್ ತೆರೆಯುವುದಿಲ್ಲ. ಡೇಟಾಬೇಸಿಗೆ ಹೋಗುವ ದಾರಿಯ ಪ್ರತಿ ಫೋಲ್ಡರಿಗೂ ಇಂಗ್ಲಿಷ್ ಹೆಸರಿರಲಿ. ಉಳಿದ ಕಡತಗಳಿಗೆ ಕನ್ನಡದ ಹೆಸರು ಧಾರಾಳವಾಗಿ ಇಡಬಹುದು.

ಸರ್ವರ್ ಜೊತೆಗೆ ಆಫೀಸ್ ತಂತ್ರಾಂಶವೂ ಹೊಸದಾಗಿದ್ದರೆ ಅದು 64 ಬಿಟ್‌ನದೇ ಎಂದು ನೋಡಿ. ಹಳೆಯ ‘ಜೆಟ್’ ಎಂಜಿನ್, ಅಂದರೆ ‘.ಎಂಡಿಬಿ’ ಫೈಲುಗಳನ್ನು ಓದುವ ಚಾಲಕ, 32 ಬಿಟ್‌ನಲ್ಲಿ ಮಾತ್ರ ಲಭ್ಯ. ಪ್ರೋಗ್ರಾಂಗಳನ್ನು ಡೇಟಾಬೇಸಿಗೆ ಜೋಡಿಸುವ ಒಡಿಬಿಸಿ ಸೆಟ್ಟಿಂಗ್‌ಗೆ ವಿಂಡೋಸ್‌ನಲ್ಲಿ 32 ಮತ್ತು 64 ಬಿಟ್‌ನ ಎರಡು ಬೇರೆ ಬೇರೆ ಕಿಟಕಿಗಳಿವೆ. ನಿಮ್ಮ ಪ್ರೋಗ್ರಾಂಗೆ ಹೊಂದುವುದರಲ್ಲೇ ಸಂಪರ್ಕವನ್ನು ದಾಖಲಿಸಬೇಕು.

8. ಖಚಿತಪಡಿಸಿಕೊಳ್ಳಿ

ಎರಡು ಕಂಪ್ಯೂಟರುಗಳಲ್ಲಿ, ಅಡ್ಮಿನಿಸ್ಟ್ರೇಟರ್ ಅಲ್ಲದ ಸಾಮಾನ್ಯ ಸಿಬ್ಬಂದಿಯ ಖಾತೆಯಿಂದ, ಪ್ರೋಗ್ರಾಂ ಒಟ್ಟಿಗೇ ತೆರೆಯಿರಿ. ಒಂದರಲ್ಲಿ ಪರೀಕ್ಷಾ ನಮೂದು ಹಾಕಿ, ಇನ್ನೊಂದರಲ್ಲಿ ಅದನ್ನು ಹುಡುಕಿ, ತಿದ್ದಿ, ಅಳಿಸಿ. ಬದಲಾವಣೆಗೆ ಹಿಂದಿನ ದಿನದ ಶಿಲ್ಕು ಮತ್ತು ಕೊನೆಯ ರಸೀದಿ ಸಂಖ್ಯೆಯನ್ನು ಮುದ್ರಿತ ವರದಿಯೊಂದಿಗೆ ತಾಳೆ ನೋಡಿ. ಬಳಿಕ ಸರ್ವರ್ ರೀಸ್ಟಾರ್ಟ್ ಮಾಡಿ, ಇಷ್ಟನ್ನೂ ಮತ್ತೊಮ್ಮೆ ಮಾಡಿ. ಕೆಲವು ಬದಲಾವಣೆಗಳು ರೀಸ್ಟಾರ್ಟ್ ಆದ ಮೇಲೆ ಮಾಯವಾಗುತ್ತವೆ.

ಸ್ವಂತ ಡಿಸ್ಕಿನಲ್ಲಿಟ್ಟ ಪ್ರತಿಯೂ ತೆರೆಯದಿದ್ದರೆ ಫೈಲ್ ನಿಜವಾಗಿಯೂ ಕೆಟ್ಟಿದೆ. ಆಗ ಆ ಪ್ರತಿಯ ಇನ್ನೊಂದು ಪ್ರತಿ ಮಾಡಿಕೊಂಡು, ನೆಟ್‌ವರ್ಕ್ ಮೇಲಲ್ಲ, ಆ ಡಿಸ್ಕಿನಲ್ಲೇ ‘ಕಾಂಪ್ಯಾಕ್ಟ್ ಅಂಡ್ ರಿಪೇರ್’ ನಡೆಸಿ. ಫಲಿಸದಿದ್ದರೆ ಹಳೆಯ ಸರ್ವರ್‌ನ ಡಿಸ್ಕಿನಲ್ಲಿರುವ ಫೈಲನ್ನು ತಂದು, ಆನಂತರದ ನಮೂದುಗಳನ್ನು ರಸೀದಿ ಪುಸ್ತಕ ನೋಡಿ ಮತ್ತೆ ಹಾಕಿ. ಇಷ್ಟಾದ ಮೇಲೂ ಪ್ರೋಗ್ರಾಂ ಬರೆದವರ ನೆರವು ಬೇಕಾದರೆ ದೋಷದ ಫೋಟೊ, ಸರ್ವರ್ ಮತ್ತು ಕಂಪ್ಯೂಟರುಗಳ ವಿಂಡೋಸ್ ಆವೃತ್ತಿ, ದೋಷ ಯಾರಿಗೆ ಬರುತ್ತದೆ ಮತ್ತು ಯಾರಿಗೆ ಬರುವುದಿಲ್ಲ ಎಂಬ ಪಟ್ಟಿ, ಡೇಟಾ ಫೋಲ್ಡರಿನ ಪೂರ್ಣ ವಿಳಾಸ, ಮತ್ತು ಮೇಲಿನ ಹಂತಗಳಲ್ಲಿ ನೀವು ಬದಲಾಯಿಸಿದ ಪ್ರತಿಯೊಂದು ಸೆಟ್ಟಿಂಗ್, ಇವಿಷ್ಟನ್ನು ಒಂದೇ ಸಲ ಬರೆದು ಕಳುಹಿಸಿ. ಪಾಸ್‌ವರ್ಡನ್ನು ಮಾತ್ರ ಅದರಲ್ಲಿ ಬರೆಯಬೇಡಿ.